ಖುರಳಿಗೂ ಗೊರಸಿಗೂ ನಂಟಿಲ್ಲ

ಪ್ರಶ್ನೆ: ಸಂಸ್ಕೃತ ಕವಿ ಭವಭೂತಿಯ ನಾಟಕ ಓದುವಾಗ ಪರಶುರಾಮನ ಮಾತಿನಲ್ಲಿ ‘ಅಸ್ತ್ರಪ್ರಯೋಗಖುರಲೀ’ ಎಂಬ ಸಮಾಸ ಸಿಕ್ಕಿತು. ಖುರ ಎಂದರೆ ಗೊರಸು ತಾನೆ? ಇದು ಕುದುರೆ ಕಾಳಗವೆ? ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಕುದುರೆಯನ್ನು ಲಾಯದಲ್ಲೇ ಬಿಡಿ. ಖುರಲಿ ಅಥವಾ ಖುರಳಿ ಎಂದರೆ ಆಯುಧ ಹಿಡಿದು ಮಾಡುವ ಅಭ್ಯಾಸ. ಅರ್ಥ ಖಚಿತ ಮಾಡಿಕೊಳ್ಳಲು 12ನೇ ಶತಮಾನದ ಹೇಮಚಂದ್ರನ ಸಂಸ್ಕೃತ ನಿಘಂಟು ಅಭಿಧಾನಚಿಂತಾಮಣಿ ಸಾಕು. ಅಲ್ಲಿ ಖುರಲೀ, ಶ್ರಮ, ಯೋಗ್ಯಾ, ಅಭ್ಯಾಸ ಇವು ನಾಲ್ಕೂ ಒಂದೇ ಸಾಲಿನಲ್ಲಿ ಕೂತಿವೆ. ಆ ಅಭ್ಯಾಸ ನಡೆಯುವ ನೆಲಕ್ಕೆ ಖಲೂರಿಕಾ ಎಂಬ ಹೆಸರನ್ನೂ ಪಕ್ಕದಲ್ಲೇ ಕೊಟ್ಟಿದ್ದಾನೆ.

ಇವುಗಳಲ್ಲಿ ‘ಯೋಗ್ಯಾ’ ಎಂಬುದಕ್ಕೂ ನಾವು ದಿನಾ ಆಡುವ ‘ಯೋಗ್ಯತೆ’ಗೂ ಬೇರು ಒಂದೇ. ಸುಶ್ರುತಸಂಹಿತೆಯಲ್ಲಿ ಯೋಗ್ಯಾಸೂತ್ರೀಯ ಎಂಬ ಅಧ್ಯಾಯವಿದೆ. ಕುಂಬಳ, ಸೋರೆ, ಸೌತೆಗಳ ಮೇಲೆ ಕತ್ತಿಯಾಡಿಸಿ ಶಸ್ತ್ರವೈದ್ಯ ಕೈ ಪಳಗಿಸಿಕೊಳ್ಳುವುದು ಹೇಗೆಂದು ಹೇಳುವ ಅಧ್ಯಾಯ ಅದು. ವೈದ್ಯನಿಗೆ ಸೋರೆಕಾಯಿ ಯಾವುದೋ ಯೋಧನಿಗೆ ಖುರಳಿ ಅದು.

ಭವಭೂತಿಯ ಮಹಾವೀರಚರಿತದ ಸಂದರ್ಭವೂ ಇದೇ ಅರ್ಥಕ್ಕೆ ಹೊಂದುತ್ತದೆ. ಶಿವಗಣಗಳ ಸೈನ್ಯವೇ ಸುತ್ತುವರಿದಿದ್ದರೂ ಅಸ್ತ್ರಾಭ್ಯಾಸದ ಸೆಣಸಿನಲ್ಲಿ ಕುಮಾರಸ್ವಾಮಿಯನ್ನು ಸೋಲಿಸಿದೆ, ಅದಕ್ಕೆ ಮೆಚ್ಚಿ ಗುರುವಾದ ಶಿವ ಈ ಕೊಡಲಿ ಕೊಟ್ಟ ಎಂದು ಪರಶುರಾಮ ಹೇಳಿಕೊಳ್ಳುತ್ತಾನೆ. ಒಬ್ಬನೇ ಗುರುವಿನ ಶಿಷ್ಯರು ತಮ್ಮೊಳಗೆ ಪಂದ್ಯ ಕಟ್ಟಿದ್ದು ಅದು. ‘ಯುದ್ಧ’ ಎಂದು ಅನುವಾದಿಸಿದರೆ ಶಿವನ ಮಗನ ಮೇಲೆಯೇ ದಂಡೆತ್ತಿ ಹೋದಂತಾಗಿ, ಶಿವ ಮೆಚ್ಚಿದ್ದೇಕೆ ಎಂಬುದೇ ತಿಳಿಯದೆ ಹೋಗುತ್ತದೆ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ‘ಸಾಮು’.

ಪ್ರಶ್ನೆ: ಹಾಗಾದರೆ ಸಾಮು ಸಂಸ್ಕೃತವೆ? ಸಾಮ, ದಾನ, ಭೇದ, ದಂಡದ ಸಾಮಕ್ಕೂ ಇದಕ್ಕೂ ಏನಾದರೂ ಸಂಬಂಧ?

ಉತ್ತರ: ಆ ಸಾಮ ಎಂದರೆ ಒಳ್ಳೆಯ ಮಾತಿನಿಂದ ಒಲಿಸುವುದು, ಇದಕ್ಕೆ ಸಂಬಂಧವಿಲ್ಲ. ಈ ಸಾಮು ‘ಶ್ರಮ’ದ ತದ್ಭವ. ಹೇಮಚಂದ್ರನ ಸಾಲಿನಲ್ಲಿ ಶ್ರಮವೂ ಇತ್ತಲ್ಲ, ಅದೇ. ಇವತ್ತು ಶ್ರಮವೆಂದರೆ ದಣಿವು, ದುಡಿಮೆ ಅಷ್ಟೇ ಆಗಿದೆ. ಅಭ್ಯಾಸವೆಂಬ ಹಳೆಯ ಅರ್ಥವನ್ನು ಉಳಿಸಿಕೊಂಡಿರುವುದು ಸವೆದುಹೋದ ಸಾಮು. ತೆಲುಗಿನವರು ಕೋಲು ತಿರುಗಿಸುವುದನ್ನು ಈಗಲೂ ಕರ್ರಸಾಮು ಎನ್ನುತ್ತಾರೆ, ನಮ್ಮಲ್ಲಿ ಕತ್ತಿಸಾಮು ಇದೆ. ಬಳಸುವಾಗ ‘ಸಾಮು ಮಾಡಿದ’, ‘ಸಾಮು ತೆಗೆದ’ ಎಂದು ಬರೆಯಿರಿ. ‘ಇಬ್ಬರ ನಡುವೆ ಸಾಮು ನಡೆಯಿತು, ಒಬ್ಬ ಸತ್ತ’ ಎಂದು ಬರೆದರೆ ತಪ್ಪು. ಆಳು ಸತ್ತರೆ ಅದು ಕಾಳಗ.

ಪ್ರಶ್ನೆ: ಗರಡಿ, ಗರುಡಿ, ಗರೋಡಿ, ಗಾರುಡಿಗ, ತಾಲೀಮು. ಇವುಗಳಲ್ಲಿ ಯಾವುದು ಯಾವುದಕ್ಕೆ ನೆಂಟ?

ಉತ್ತರ: ಗರಡಿ ಮತ್ತು ಗರುಡಿ ಒಂದೇ ಮಾತಿನ ಎರಡು ಉಚ್ಚಾರ: ಸಾಮು ಮಾಡುವ ಜಾಗ. ತುಳುನಾಡಿಗೆ ಹೋದರೆ ಗರೋಡಿ ಎಂದರೆ ಕೋಟಿ-ಚೆನ್ನಯರ ಆರಾಧನೆಯ ಸ್ಥಳ. ಅಂಥವು 66 ಇವೆ ಎಂಬುದು ಅಲ್ಲಿನ ಪರಂಪರೆಯ ಲೆಕ್ಕ. ವೀರರು ಪಳಗಿದ ಜಾಗದ ಹೆಸರೇ ಅವರ ಗುಡಿಗೂ ನಿಂತಿದೆ. ಗಾರುಡಿಗ ಮಾತ್ರ ಬೇರೆ ಮನೆಯವನು. ಅವನು ಗಾರುಡ ಎಂಬ ವಿಷ ಇಳಿಸುವ ಮಂತ್ರದಿಂದ ಬಂದು, ಆಮೇಲೆ ಮೋಡಿಗಾರನಾದವನು. ಬೇಂದ್ರೆಯವರನ್ನು ಶಬ್ದಗಾರುಡಿಗ ಎನ್ನುವುದು ಈ ಅರ್ಥದಲ್ಲಿ. ಶಬ್ದಗಳ ಕೈಯಲ್ಲಿ ಬಸ್ಕಿ ಹೊಡೆಸಿದರು ಎಂದಲ್ಲ. ತಾಲೀಮು ಅರಬ್ಬಿಯದು, ಮೂಲದಲ್ಲಿ ‘ಕಲಿಸುವುದು’. ಮರಾಠಿ ಸೀಮೆಯ ಅಂಚಿನಲ್ಲಿ ಕುಸ್ತಿಯ ಮನೆಗೂ ಇದೇ ಹೆಸರು, ಉಳಿದ ಕಡೆ ನಾಟಕದವರು ಇದನ್ನು ತಮ್ಮದು ಮಾಡಿಕೊಂಡಿದ್ದಾರೆ.

ಪ್ರಶ್ನೆ: ಶಾಲಾ ನಾಟಕದಲ್ಲಿ ಗರಡಿಮನೆಯ ದೃಶ್ಯವಿದೆ. ನೆಲಕ್ಕೆ ಮರಳು ಹಾಸಿ, ಹುಡುಗನ ಕೈಗೆ ಗದೆ ಕೊಟ್ಟರೆ ಸಾಕೆ?

ಉತ್ತರ: ಮರಳು ಬೇಡ, ಮೊಣಕಾಲು, ಮೊಣಕೈ ತರಚುತ್ತದೆ. ಗರಡಿಯ ಅಖಾಡಕ್ಕೆ ಮೈಸೂರು ಕಡೆ ‘ಮಟ್ಟಿ’ ಎನ್ನುತ್ತಾರೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಹರಳು ಆಯ್ದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡುತ್ತಾರೆ. ಎಣ್ಣೆ ಕಡಿಮೆಯಾದರೆ ದೂಳೆದ್ದು ಕಣ್ಣಿಗೆ ಹೋಗುತ್ತದೆ. ನೀರು ಹೆಚ್ಚಾದರೆ ಮಣ್ಣು ಮೆತ್ತಿಕೊಂಡು ಕಾಲು ಜಾರುತ್ತದೆ. ಹಿಡಿಯಷ್ಟು ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿ: ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಗೋಡೆಗೆ ಆಂಜನೇಯನ ಪಟ ಮರೆಯಬೇಡಿ.

ಗದೆಯನ್ನು ಹೆಗಲ ಮೇಲಿಟ್ಟು ಮೆರೆಯುವುದು ಪೌರಾಣಿಕ ನಾಟಕದ ಭೀಮನ ಠೀವಿ. ಗರಡಿಯ ಗದೆ ಎಂದರೆ ಬಿದಿರಿನ ಅಥವಾ ಮರದ ಹಿಡಿ, ತುದಿಯಲ್ಲಿ ಕಲ್ಲಿನ ಗುಂಡು. ಎರಡೂ ಕೈಯಲ್ಲಿ ಹಿಡಿಯ ಬುಡವನ್ನು ಒಂದರ ಮೇಲೊಂದು ಬಿಗಿಯಾಗಿ ಹಿಡಿದು, ಎದೆಯ ಮುಂದೆ ಗುಂಡು ಮೇಲಾಗಿ ನಿಲ್ಲಿಸಬೇಕು. ಒಂದು ಹೆಗಲ ಮೇಲಿಂದ ಗುಂಡನ್ನು ಬೆನ್ನ ಹಿಂದಕ್ಕೆ ಇಳಿಬಿಟ್ಟು, ಅದು ಗಡಿಯಾರದ ಲೋಲಕದ ಹಾಗೆ ಬೆನ್ನಿನ ಆ ಬದಿಗೆ ತೂಗಿದ ಕೂಡಲೇ ಮತ್ತೊಂದು ಹೆಗಲ ಮೇಲಿಂದ ಎಳೆದು ಮುಂದಕ್ಕೆ ತರಬೇಕು. ತೂಗು ಮುಗಿಯುವ ಮೊದಲೇ ಎಳೆದರೆ ಗುಂಡು ಬೆನ್ನಿಗೆ ಬಡಿಯುತ್ತದೆ. ಮೊಣಕೈ ಮೇಲ್ಮುಖವಾಗಿರದೆ ಪಕ್ಕಕ್ಕೆ ಅಗಲಿದರೆ ಭಾರವೆಲ್ಲ ಹೆಗಲ ಕೀಲಿಗೆ ಬೀಳುತ್ತದೆ. ಹೊಟ್ಟೆ ಮುಂದೆ ಚಾಚಿದರೆ ನಡು ಹಿಡಿಯುತ್ತದೆ. ನಿಮ್ಮ ಹುಡುಗನಿಗೆ ರಟ್ಟಿನ ಗುಂಡು ಕೊಡಿ, ಆದರೆ ಭಾರ ಇದ್ದ ಹಾಗೆ ನಿಧಾನವಾಗಿ ತೂಗುವುದನ್ನು ಕಲಿಸಿ. ರಟ್ಟನ್ನು ಬೀಸಣಿಗೆಯಂತೆ ಬೀಸಿದರೆ ಹಿಂದಿನ ಸಾಲಿನವರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ವಜ್ರಮುಷ್ಟಿ ಕಲೆಯ ಹೆಸರೋ ಆಯುಧದ ಹೆಸರೋ?

ಉತ್ತರ: ಮೊದಲು ಆಯುಧದ್ದು, ಅದರಿಂದ ಕಾಳಗದ್ದು. ಬೆರಳಿಗೆ ತೊಡುವ ಮೊನೆಗಳುಳ್ಳ ಸಾಧನ ಅದು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ತಲೆ ಬೋಳಿಸಿಕೊಂಡ ಜಟ್ಟಿಗಳು ಇದನ್ನು ತೊಟ್ಟು ಇಳಿಯುತ್ತಾರೆ. ಒಬ್ಬನ ತಲೆಯಿಂದ ನೆತ್ತರು ಜಿನುಗಿದರೆ ಅಲ್ಲಿಗೆ ಮುಗಿಯಿತು. ವಿಜಯನಗರದ ಮಹಾನವಮಿಯಲ್ಲೂ ಜಟ್ಟಿಗಳು ಮೊನೆಯುಳ್ಳ ಬಳೆಯಂಥದ್ದನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಪತ್ರಿಕೆಗಳಲ್ಲಿ ‘ವಜ್ರಮುಷ್ಟಿ ಸಾಮು’ ಎಂದು ಕಂಡಿದ್ದೀರಂತೆ. ಅರಮನೆಯಲ್ಲಿ ನಡೆಯುವುದು ಕಾಳಗ. ಅದಕ್ಕೆ ಮುಂಚೆ ಜಟ್ಟಿ ಗರಡಿಯಲ್ಲಿ ಮಾಡುವ ತಯಾರಿ ಸಾಮು.