ಶಕುಂತಲೆಗೆ ಏನು ಉಡಿಸೋದು?

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿನಲ್ಲಿ ಕಾಳಿದಾಸನ ಶಾಕುಂತಲವನ್ನು ಕನ್ನಡದಲ್ಲಿ ಆಡುತ್ತಿದ್ದೇವೆ. ನಾನೇ ಶಕುಂತಲೆ. ಬಾಡಿಗೆ ಡ್ರೆಸ್‌ನವರು ಒಂದು ಕೇಸರಿ ಸೀರೆ ಕೊಟ್ಟು, ಇಡೀ ನಾಟಕಕ್ಕೆ ಇದೇ ಆಗುತ್ತೆ ಅಂದರು. ಸಾಕಾ?
– ಓದುಗಿ, ಚಿತ್ರದುರ್ಗ

ಉತ್ತರ: ಸಾಲದು ತಂಗಿ. ಕೇಸರಿ ಉಟ್ಟರೆ ಸನ್ಯಾಸಿನಿ ಥರ ಕಾಣುತ್ತೀಯ. ಶಕುಂತಲೆ ಆಶ್ರಮದಲ್ಲಿ ಬೆಳೆದ ಹುಡುಗಿ, ಸಂಸಾರ ಬಿಟ್ಟವಳಲ್ಲ. ಉಡುಪಿನ ವಿಷಯ ಕಾಳಿದಾಸನೇ ಹೇಳಿದ್ದಾನೆ, ನಾಟಕ ಇನ್ನೊಂದು ಸಲ ಓದು.

ಮೊದಲ ಅಂಕಕ್ಕೆ ನಾರುಮಡಿ, ಅಂದರೆ ಮರದ ತೊಗಟೆಯ ನಾರಿನ ಬಟ್ಟೆ. ಗೆಳತಿ ಪ್ರಿಯಂವದೆ ಬಿಗಿಯಾಗಿ ಕಟ್ಟಿದ್ದಾಳೆ, ಸಡಿಲ ಮಾಡು ಅಂತ ಶಕುಂತಲೆ ಇನ್ನೊಬ್ಬ ಗೆಳತಿ ಅನಸೂಯೆಗೆ ಹೇಳುತ್ತಾಳೆ. ಹಾಗಾಗಿ ಗಂಟು ಹಿಂದಿನ ಸಾಲಿನವರಿಗೂ ಕಾಣಬೇಕು, ರಂಗದ ಮೇಲೇ ಸಡಿಲಿಸೋಕೆ ಬರಬೇಕು. ಒಳಗೆ ಮೈಬಣ್ಣದ ರವಿಕೆ ಹಾಕಿ ಬಟ್ಟೆಯನ್ನು ಅದಕ್ಕೇ ಪಿನ್ ಮಾಡು. ಹೆಗಲ ಮೇಲಿನ ಗಂಟು ಸುಮ್ನೆ ತೋರಿಕೆಗೆ. ಗೋಣಿಚೀಲ ಬೇಡ, ಮೈಗೆಲ್ಲ ಚುಚ್ಚುತ್ತೆ. ಕೋರಾ ಬಟ್ಟೆಯನ್ನು ಚಹಾ ಡಿಕಾಕ್ಷನ್‌ನಲ್ಲಿ ಕುದಿಸಿ, ಒದ್ದೆ ಇರುವಾಗಲೇ ಹಗ್ಗದ ಹಾಗೆ ತಿರುಚಿ ಒಣಗಿಸು. ಇಸ್ತ್ರಿ ಮಾತ್ರ ಮುಟ್ಟಿಸಬೇಡ.

ನಾಲ್ಕನೇ ಅಂಕದಲ್ಲಿ ಗಂಡನ ಮನೆಗೆ ಹೊರಡುತ್ತಾಳೆ ಅಂತ ಕೆಂಪು ಸೀರೆ ಉಡಿಸುವವರೇ ಜಾಸ್ತಿ. ಆದರೆ ಅಲ್ಲಿ ಕಾಡಿನ ಮರವೇ ಅವಳಿಗೆ ಉಡುಗೊರೆಯಾಗಿ ಕೊಡುವುದು ಬೆಳದಿಂಗಳ ಬಿಳುಪಿನ ಬಟ್ಟೆ. ಮನೆಯಲ್ಲಿ ಯಾರದಾದರೂ ಮೊಳಕಾಲ್ಮೂರು ರೇಷ್ಮೆ ಸೀರೆ ಇದ್ದರೆ ನೋಡು, ಕೆನೆಬಣ್ಣದ್ದು, ಅಂಚು ಸಣ್ಣದು. ದೊಡ್ಡ ಜರಿ ಬೇಡ. ಕಂಪನಿ ನಾಟಕದ ಮಿಂಚಿನ ಮೇಲೆ ನನಗೇನೂ ಸಿಟ್ಟಿಲ್ಲ. ಕಂಪನಿ ನಾಟಕದ ನಟಿ ಚಿಂದೋಡಿ ಲೀಲಾ ಅವರ ದಾವಣಗೆರೆಯವಳು ನಾನು! ಅದು ಆ ನಾಟಕಕ್ಕೆ ಚಂದ. ಇಲ್ಲಿ ಗೆಳತಿಯರು ಒಡವೆ ತೊಟ್ಟು ಗೊತ್ತಿಲ್ಲದವರು, ಚಿತ್ರದಲ್ಲಿ ನೋಡಿದ ನೆನಪಲ್ಲಿ ತೊಡಿಸುತ್ತಾರೆ. ನಾಲ್ಕೈದು ಒಡವೆ ಸಾಕು.

ಐದನೇ ಅಂಕಕ್ಕೆ ತೆಳುವಾದ ಮೇಲುಹೊದಿಕೆ ಬೇಕೇ ಬೇಕು. ದುಷ್ಯಂತನ ಮುಂದೆ ಮುಸುಕು ಹಾಕಿಕೊಂಡು ಬರುತ್ತಾಳೆ, ಜೊತೆಗೆ ಬಂದ ಆಶ್ರಮದ ಹಿರಿಯಳು ಗೌತಮಿ ಅದನ್ನು ಸರಿಸುತ್ತಾಳೆ. ಅದು ಜುಮುಕಿಗೆ ಸಿಕ್ಕಿಕೊಂಡರೆ ಜನ ನಕ್ಕುಬಿಡುತ್ತಾರೆ, ಅಲ್ವಾ? ಕಿವಿಗೆ ಸಣ್ಣ ಓಲೆ ಹಾಕು. ಉಂಗುರ ಕಳೆದುಹೋಗಿದೆ ಅಂತ ಬೆರಳು ಮುಟ್ಟಿ ನೋಡುವುದೂ ಇಲ್ಲೇ. ನಿನ್ನ ಸ್ವಂತ ಉಂಗುರ ತೆಗೆದಿಡು.

ಕೊನೆಯ ಅಂಕಕ್ಕೆ ಮಾಸಿದ ಬಟ್ಟೆ, ಒಂದೇ ಜಡೆ. ಹೂವೂ ಬೇಡ. ನಾಲ್ಕನೇ ಅಂಕದಲ್ಲಿ ಪಾದಕ್ಕೆ ಅರಗಿನ ಕೆಂಪು ಹಚ್ಚುತ್ತಾರಲ್ಲ, ಅದಕ್ಕೆ ಅಂಗಡಿಯ ಆಲ್ತಾ ತರಬೇಡ, ಬೇಗ ಹೋಗಲ್ಲ. ಮೇಕಪ್ಪಿನ ಕೆಂಪು ಬಣ್ಣ ಹಚ್ಚಿಕೋ, ಕೊಬ್ಬರಿ ಎಣ್ಣೆಯಲ್ಲಿ ಒರೆಸಿದರೆ ಹೋಗುತ್ತೆ.