ತೋಳ ಬಂದರೆ ನಮ್ಮ ಹಳ್ಳಕ್ಕೂ ನೀರು ಬರ್ತದಾ?

ಕುಷ್ಟಗಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ತೋಳ ಉಳಿಸಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಮೆರಿಕದಲ್ಲಿ ತೋಳ ಬಿಟ್ಟಮೇಲೆ ನದಿಯೇ ಬದಲಾಯ್ತು ಅನ್ನೋ ವಿಡಿಯೋ ನಾನೂ ನೋಡಿದ್ದೇನೆ. ನಮ್ಮಲ್ಲಿ ತೋಳ ಇದ್ದೇ ಇದೆ. ಈ ವರ್ಷ ಮೂರು ಕುರಿಮರಿ ಒಯ್ದಿದೆ. ಹಳ್ಳ ಮಾತ್ರ ಒಣಗೇ ಇದೆ. ಪರಿಹಾರ ಕೇಳಿದರೆ ಸತ್ತ ಮರಿಯ ಫೋಟೊ ತಾ ಅಂತಾರೆ."

ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಕುರಿ ಕಳೆದುಕೊಂಡವರ ಮಾತು ನಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ.

ವಿಡಿಯೋ ಯೆಲ್ಲೊಸ್ಟೋನ್ ಉದ್ಯಾನದ್ದು. ಅಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. ಎಲ್ಕ್ ಎಂಬ ದೊಡ್ಡ ಜಿಂಕೆ ಕಡಿಮೆಯಾಯಿತು, ಕೆಲವು ಕಡೆ ಹಳ್ಳದ ದಂಡೆಯ ವಿಲ್ಲೊ ಗಿಡ ಚಿಗುರಿತು. ಇಷ್ಟು ನಿಜ. ಆದರೆ ಎಲ್ಕ್ ಕಡಿಮೆಯಾಗಲು ಕರಡಿ, ಪೂಮಾ ಎಂಬ ದೊಡ್ಡ ಕಾಡುಬೆಕ್ಕು, ಕೋವಿ ಹಿಡಿದವರೂ ಕಾರಣ. ಎಷ್ಟೋ ಕಡೆ ವಿಲ್ಲೊ ಎದ್ದೇ ಇಲ್ಲ.

ಯಾಕೆ ಗೊತ್ತಾ? ತೋಳ ಇಲ್ಲದ ಎಪ್ಪತ್ತು ವರ್ಷದಲ್ಲಿ ಎಲ್ಕ್ ಹಿಂಡು ವಿಲ್ಲೊ ಮೇಯ್ದು ಬೋಳಿಸಿತು. ವಿಲ್ಲೊ ನಂಬಿಕೊಂಡಿದ್ದ ಬೀವರ್ ಹೋಯಿತು. ಬೀವರ್ ಅಂದರೆ ಕಡ್ಡಿ, ಮಣ್ಣು ಸೇರಿಸಿ ಹಳ್ಳಕ್ಕೆ ಒಡ್ಡು ಕಟ್ಟುವ ಪ್ರಾಣಿ. ಒಡ್ಡು ಹೋದಮೇಲೆ ನೀರು ಹಳ್ಳವನ್ನು ಆಳಕ್ಕೆ ಕೊರೆಯಿತು, ದಂಡೆಯ ತೇವ ಕೆಳಗಿಳಿಯಿತು. ಈಗ ತೋಳ ಬಂದರೂ ಬೇರಿಗೆ ನೀರು ಎಟುಕದು. ಏರಿ ಒಡೆದ ಕೆರೆಗೆ ತೂಬು ರಿಪೇರಿ ಮಾಡಿದ ಹಾಗೆ. ವಿಡಿಯೋ ಬಿಟ್ಟ ಈ ಭಾಗವೇ ನನಗೆ ಮುಖ್ಯ ಅನ್ನಿಸುತ್ತದೆ.

ನಮ್ಮ ತೋಳ ದಟ್ಟ ಕಾಡಿನದಲ್ಲ. ಕುರುಚಲು, ಕಾವಲು, ಕಲ್ಲುಗುಡ್ಡ, ಹೊಲದ ಬದುಗಳೇ ಅದರ ಮನೆ. ಮೊಲ, ಇಲಿ, ಕೃಷ್ಣಮೃಗ ಹಿಡಿಯುತ್ತದೆ. ಅವು ಸಿಗದ ಕಡೆ ಕುರಿಯೇ ಊಟ. ಬಟ್ಟಬಯಲಲ್ಲಿ ಕೃಷ್ಣಮೃಗವನ್ನು ಅಟ್ಟಿ ಹಿಡಿಯುತ್ತಿದ್ದ ಚೀತಾ ನಮ್ಮ ದೇಶದಲ್ಲಿ ಅಳಿಯಿತೆಂದು 1952ರಲ್ಲೇ ಘೋಷಿಸಿದರು. ಉಳಿದದ್ದು ತೋಳ. ಅದಿದ್ದರೆ ಕೃಷ್ಣಮೃಗದಿಂದಾಗುವ ಬೆಳೆಹಾನಿ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ಅದೂ ಇನ್ನೊಂದು ವಿಡಿಯೋ ಆದೀತು. ಕಾವಲು ಉಳುಮೆಗೆ, ನೆಡುತೋಪಿಗೆ ಹೋಗುತ್ತಿರುವಾಗ ತೋಳವನ್ನೂ ಕಳೆದುಕೊಂಡರೆ, ಆಮೇಲೆ ತಂದು ಬಿಟ್ಟು ಸರಿಮಾಡುವುದು ಸುಲಭವಲ್ಲ ಅನ್ನುವುದಷ್ಟೇ ನನ್ನ ಮಾತು.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ತೋಳಧಾಮವಾಗಿದೆ. ಒಳ್ಳೆಯದೇ. ಆದರೆ ಒಂದು ಗುಂಪು ತಿರುಗುವ ಜಾಗ ಅದರ ಎಷ್ಟೋ ಪಟ್ಟು ಇರುತ್ತದೆ. ಅಂದರೆ ತೋಳ ಬದುಕುವುದು ನಿಮ್ಮ ಹಟ್ಟಿಯ ಸುತ್ತಲೇ. ಕಾನೂನು ಅದಕ್ಕೆ ಹುಲಿಯಷ್ಟೇ ರಕ್ಷಣೆ ಕೊಟ್ಟಿದೆ, ಅದರ ಊಟದ ಖರ್ಚು ಮಾತ್ರ ನಿಮ್ಮ ತಲೆ ಮೇಲೆ. ಇದು ನ್ಯಾಯ ಅಲ್ಲ.

ಮರಿ ಕಚ್ಚಿಕೊಂಡು ಓಡಿದ ತೋಳ ಫೋಟೊಗೆ ನಿಲ್ಲುತ್ತದಾ? ಈ ಪ್ರಶ್ನೆಯನ್ನು ನಾವೇ ಅಧಿಕಾರಿಗಳಿಗೆ ಕೇಳುತ್ತೇವೆ. ಮೂರು ಮರಿ ಹೋದ ದಿನ, ಜಾಗ, ಆಗ ಜೊತೆಯಲ್ಲಿದ್ದವರು ಯಾರು ಅನ್ನುವುದನ್ನು ಬರೆದು ಕಳಿಸಿ.