ನೇಮಕಾತಿ ಏಜೆನ್ಸಿ ಬೆಳೆಯಲು ಮೊದಲು ಏನು ಮಾಡಬೇಕು?

ಪ್ರಶ್ನೆ: ತುಮಕೂರಿನಲ್ಲಿ ಇಬ್ಬರು ಸಹಾಯಕರೊಂದಿಗೆ ನೇಮಕಾತಿ ಏಜೆನ್ಸಿ ನಡೆಸುತ್ತಿದ್ದೇನೆ. ವಸಂತನರಸಾಪುರ, ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಆಪರೇಟರ್‌ಗಳನ್ನು, ಜೊತೆಗೆ ಆಸ್ಪತ್ರೆ, ಶಾಲೆ, ಮಳಿಗೆಗಳಿಗೂ ಕೇಳಿದವರನ್ನು ಒದಗಿಸುತ್ತೇವೆ. ಕೈತುಂಬ ಕೆಲಸವಿದ್ದರೂ ಬಿಲ್ ಹಣ ತಿಂಗಳುಗಟ್ಟಲೆ ಬರುವುದಿಲ್ಲ, ಸೇರಿದವರು ಬೇಗನೆ ಬಿಟ್ಟುಹೋಗುತ್ತಾರೆ. ಅಭ್ಯರ್ಥಿಗಳಿಂದ ನೋಂದಣಿ ಶುಲ್ಕ ಪಡೆದು, ಬೆಂಗಳೂರಿನಲ್ಲಿ ಇನ್ನೊಂದು ಕಚೇರಿ ತೆರೆಯಿರಿ ಎಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಬೆಂಗಳೂರಿನ ಕಚೇರಿಯ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಈಗಿರುವ ತೊಂದರೆಗಳೇ ಅಲ್ಲಿಗೂ ಬರುತ್ತವೆ, ಬಾಡಿಗೆಯೊಂದು ಹೆಚ್ಚಾಗುತ್ತದೆ. ಶಾಲೆಗೆ ಶಿಕ್ಷಕಿ, ಮಳಿಗೆಗೆ ಕ್ಯಾಷಿಯರ್, ಕಾರ್ಖಾನೆಗೆ ಆಪರೇಟರ್ ಹೀಗೆ ಎಲ್ಲವನ್ನೂ ಹುಡುಕುವ ಮೂವರ ಏಜೆನ್ಸಿಗೆ ಯಾವ ಕೆಲಸವೂ ಆಳವಾಗಿ ತಿಳಿಯುವುದಿಲ್ಲ. ಜನ ಬಿಟ್ಟುಹೋಗುವುದಕ್ಕೂ ಬಹುಪಾಲು ಇದೇ ಕಾರಣ.

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಬೇಕೆಂದು ಕಾರ್ಖಾನೆಯವರು ಕೇಳಿದಾಗ ಐಟಿಐ ಓದಿದವರ ಬಯೋಡೇಟಾಗಳನ್ನು ರಾಶಿಯಾಗಿ ಕಳುಹಿಸುವುದು ಸುಲಭ. ಆದರೆ ಯಂತ್ರ ಟರ್ನಿಂಗ್ ಸೆಂಟರೋ (ಲೇತ್ ಬಗೆಯದು) ವಿಎಂಸಿಯೋ (ಮಿಲ್ಲಿಂಗ್ ಬಗೆಯದು), ಅದರ ಕಂಟ್ರೋಲ್ ವ್ಯವಸ್ಥೆ ಫಾನಕ್ ಕಂಪನಿಯದೋ ಸೀಮೆನ್ಸ್‌ನದೋ, ಅಭ್ಯರ್ಥಿ ಆಫ್‌ಸೆಟ್ (ಉಪಕರಣದ ಅಳತೆ ಹೊಂದಾಣಿಕೆ) ತಾನೇ ಹಾಕಬಲ್ಲನೋ ಅಥವಾ ಯಂತ್ರ ಹೊಂದಿಸುವ ಸೆಟ್ಟರ್ ಸಿದ್ಧಪಡಿಸಿಕೊಟ್ಟ ಮೇಲೆ ಜಾಬ್ (ಕೆತ್ತಬೇಕಾದ ಬಿಡಿಭಾಗ) ಲೋಡ್ ಮಾಡುವಷ್ಟೇ ಅನುಭವವಿದೆಯೋ ಎಂದು ವಿಚಾರಿಸಿ, ಮೈಕ್ರೋಮೀಟರ್ ಕೈಗೆ ಕೊಟ್ಟು ಅಳತೆ ಓದಿಸಿ ನೋಡಿದ ಬಳಿಕ ಮೂವರನ್ನಷ್ಟೇ ಕಳುಹಿಸುವ ಏಜೆನ್ಸಿಗೆ ಎಚ್‌ಆರ್‌ನವರೇ ಮತ್ತೆ ಫೋನ್ ಮಾಡುತ್ತಾರೆ. ಮೊದಲ ಪಾಳಿಗೆ ಅವನ ಊರಿನಿಂದ ಬಸ್ ಇದೆಯೇ, ಓಟಿ (ಹೆಚ್ಚುವರಿ ಗಂಟೆಗಳ ಹಣ) ಸೇರಿಸಿ ಹೇಳಿದ ಸಂಬಳವನ್ನೇ ಅವನು ಮೂಲ ಸಂಬಳವೆಂದು ತಿಳಿದಿದ್ದಾನೆಯೇ ಎಂಬುದನ್ನೂ ಮೊದಲೇ ಕೇಳಿ. ಎರಡೇ ತಿಂಗಳಲ್ಲಿ ಕೆಲಸ ಬಿಡುವವರಲ್ಲಿ ಅನೇಕರು ಬಿಡುವುದು ಇಂಥ ಕಾರಣಗಳಿಗೆ. ಇಂಥ ಕಾರ್ಖಾನೆಗಳ ನಡುವೆಯೇ ಇರುವ ನೀವು ಈ ಒಂದು ವಿಭಾಗವನ್ನು ಗಟ್ಟಿಯಾಗಿ ಹಿಡಿಯಿರಿ.

ಇನ್ನು ಹಣದ ವಿಚಾರ. ವಾರ್ಷಿಕ ಸಂಬಳದ 8.33 ಪ್ರತಿಶತ, ಅಂದರೆ ಒಂದು ತಿಂಗಳ ಸಂಬಳ, ಈ ವೃತ್ತಿಯಲ್ಲಿ ರೂಢಿಯಲ್ಲಿರುವ ದರ. 22,000 ರೂಪಾಯಿ ಸಂಬಳದ ಹುದ್ದೆಗೆ ಅಷ್ಟೇ ಶುಲ್ಕ ಹಾಕಿದರೆ 18 ಪ್ರತಿಶತ ಜಿಎಸ್‌ಟಿ 3,960 ರೂಪಾಯಿ ಸೇರಿ ಬಿಲ್ 25,960 ಆಗುತ್ತದೆ. ನೀವು ನೋಂದಾಯಿತರಾಗಿದ್ದರೆ, ಕಂಪನಿ ಹಣ ಕೊಡಲಿ ಬಿಡಲಿ, ಬಿಲ್ ಮಾಡಿದ ಮರುತಿಂಗಳು ಆ ತೆರಿಗೆಯನ್ನು ಕಟ್ಟಲೇಬೇಕು. ಬಾಕಿ ಉಳಿಸಿಕೊಳ್ಳುವ ಗ್ರಾಹಕರು ಹೆಚ್ಚಾದಷ್ಟೂ ನಿಮ್ಮ ಕೈ ಬರಿದಾಗುವುದು ಇದರಿಂದಲೇ.

ಆದ್ದರಿಂದ ಮೊದಲ ಅಭ್ಯರ್ಥಿಯನ್ನು ಕಳುಹಿಸುವ ಮುನ್ನವೇ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಸೇರಿದ ದಿನದಿಂದ 30 ದಿನಗಳಲ್ಲಿ ಹಣ ಪಾವತಿಯಾಗಬೇಕು. 60 ದಿನಗಳೊಳಗೆ ಅಭ್ಯರ್ಥಿ ಬಿಟ್ಟರೆ ಒಂದು ಬಾರಿ ಮಾತ್ರ ಬದಲಿ ಕೊಡಲಾಗುವುದು, ಅದೂ ಬಿಲ್ ಸಕಾಲದಲ್ಲಿ ಪಾವತಿಯಾಗಿದ್ದರೆ. ಹೇಳಿದ ಸಂಬಳ ಅಥವಾ ಕೆಲಸವನ್ನು ಕಂಪನಿಯೇ ಬದಲಿಸಿದ್ದರೆ ಬದಲಿ ಇಲ್ಲ ಎಂದು ಅದರಲ್ಲಿ ಬರೆಯಿರಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ನೀಡುವ ಉದ್ಯಮ್ ನೋಂದಣಿ ಆಗಿರದಿದ್ದರೆ ಈ ವಾರವೇ ಮಾಡಿಸಿ, ಅದು ಉಚಿತ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯಂತೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಗಡುವು ಮೀರಿದ ಬಾಕಿಯನ್ನು, ಅದು ಪಾವತಿಯಾಗುವ ವರ್ಷದವರೆಗೆ, ಕಂಪನಿ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯಲಾಗದು ಎಂಬ ನಿಯಮವೂ 2023-24ರ ಲೆಕ್ಕವರ್ಷದಿಂದ ಇದೆ. ಬಿಲ್‌ನಲ್ಲಿ ಉದ್ಯಮ್ ಸಂಖ್ಯೆ ಕಂಡರೆ ಅಕೌಂಟ್ಸ್ ವಿಭಾಗದವರು ಮಾರ್ಚ್‌ಗೆ ಮೊದಲೇ ಎಚ್ಚರಗೊಳ್ಳುತ್ತಾರೆ.

ಅಭ್ಯರ್ಥಿಗಳಿಂದ ಮಾತ್ರ ಒಂದು ರೂಪಾಯಿಯನ್ನೂ ಪಡೆಯಬೇಡಿ. ಶಿರಾ, ಪಾವಗಡದ ಕಡೆಯಿಂದ ಕೆಲಸ ಅರಸಿ ಬರುವ ಹುಡುಗರು ಆ ಹಣವನ್ನು ಸಾಲ ಮಾಡಿ ತರುತ್ತಾರೆ; ಕೆಲಸ ಸಿಗದಿದ್ದರೆ ಅದರ ಭಾರ ಅವರ ಮನೆಯ ಮೇಲೆ ಬೀಳುತ್ತದೆ. ಹಣ ಕೇಳದ ಕಚೇರಿ ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿದರೆ, ಒಬ್ಬ ಒಳ್ಳೆಯ ಫಿಟ್ಟರ್ ತನ್ನ ಜೊತೆಗಾರರನ್ನೂ ಕರೆತರುತ್ತಾನೆ. ವಿದೇಶಕ್ಕೆ ಕಳುಹಿಸಿಕೊಡಿ ಎಂದು ಯಾರಾದರೂ ಕೇಳಿದರೆ, 1983ರ ವಲಸೆ ಕಾಯ್ದೆಯಡಿ ನೋಂದಣಿಯಿಲ್ಲದೆ ಅದಕ್ಕೆ ಕೈಹಾಕಬೇಡಿ.

ಮುಂದಿನ ಮೂರು ತಿಂಗಳು ಹೊಸ ಗ್ರಾಹಕರನ್ನು ಹುಡುಕದೆ, ಹಳೆಯ ಪ್ರತಿ ಕಂಪನಿಯ ಎದುರಿಗೆ ಕಳುಹಿಸಿದವರು, ಆಯ್ಕೆಯಾದವರು, 60 ದಿನ ಉಳಿದವರು, ಹಣ ಬಂದ ದಿನಾಂಕ ಇಷ್ಟನ್ನು ಬರೆದಿಡಿ. ಕಡೆಯ ಎರಡು ಅಂಕಣಗಳು ಖಾಲಿಯಾಗಿಯೇ ಉಳಿಯುವ ಕಂಪನಿಗಳಿಗೆ ವಿನಯದಿಂದಲೇ ಸೇವೆ ನಿಲ್ಲಿಸಿ, ಉಳಿದ ಸಮಯವನ್ನು ಸಕಾಲಕ್ಕೆ ಹಣ ಕೊಡುವವರಿಗೆ ಮೀಸಲಿಡಿ.